ಬಲಕ್ಕಷ್ಟೇ ತಿರುಗುವ ಸ್ಕೂಟರು

ನನ್ನ ಸ್ಕೂಟರಿನ ಹಿಂದುಗಡೆ ಒಂದು ‘ಎಲ್’ ಸ್ಟಿಕ್ಕರ್ ಇದೆ. ಮೂಲೆ ಎದ್ದಿದೆ, ಕೆಂಪು ಬಣ್ಣ ಮಾಸಿ ಟೊಮೆಟೊ ಸಾರಿನ ಬಣ್ಣಕ್ಕೆ ಬಂದಿದೆ. ಮುಂದುಗಡೆ ಇದ್ದದ್ದನ್ನು ಕಿತ್ತು ಎಷ್ಟೋ ಕಾಲವಾಯಿತು, ಹಿಂದಿನದು ಮಾತ್ರ ಉಳಿದಿದೆ. ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಲೈಸೆನ್ಸ್ ನೋಡಿದರು, ಹಿಂದೆ ಹೋಗಿ ಸ್ಟಿಕ್ಕರ್ ನೋಡಿದರು, ಮತ್ತೆ ಮುಂದೆ ಬಂದು ನನ್ನ ಮುಖ ನೋಡಿದರು.

“ಅಮ್ಮಾ, ಲೈಸೆನ್ಸ್ ಇದೆಯಲ್ಲ, ಇದು ಇನ್ನೂ ಎಂತಕ್ಕೆ?”

ಉತ್ತರ ಇಲ್ಲದೆ ಇರಲಿಲ್ಲ. ಆದರೆ ಅದನ್ನು ಹೇಳಲು ಹೊರಟರೆ ನನ್ನ ಹಿಂದೆ ನಿಂತ ಬಸ್ಸು, ಜೀಪು, ಆಟೋಗಳೆಲ್ಲ ಸಂಜೆಯವರೆಗೆ ಅಲ್ಲೇ ನಿಲ್ಲಬೇಕಾಗುತ್ತಿತ್ತು. ಒಂದೇ ಮಾತು ಹೇಳಿ ಬಂದೆ. ನೀವಾದರೆ ಬಿಡುವಾಗಿ ಕೂತವರು, ನಿಮಗೆ ಬುಡದಿಂದ ಹೇಳಬಹುದು.

ನಮ್ಮವರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಈ ಮೂರು ತಾಲ್ಲೂಕಿನಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ ಇವರ ಬೈಕು ಆ ದಾರಿ ಹಿಡಿಯುತ್ತಿತ್ತು. ರಸ್ತೆ ಎನ್ನುವುದು ಇವರಿಗೆ ಮನೆಯ ಹಜಾರವಿದ್ದ ಹಾಗೆ. ಯಾವ ತಿರುವಿನಲ್ಲಿ ಜಲ್ಲಿ ಎದ್ದಿದೆ, ಯಾವ ಮೋರಿಯ ಮೇಲೆ ನೀರು ಹಾಯುತ್ತದೆ ಎಂದೆಲ್ಲ ಊಟಕ್ಕೆ ಕೂತಾಗ ವರದಿ ಒಪ್ಪಿಸುತ್ತಿದ್ದರು. ನಾನು ಹುಳಿ ಬಡಿಸುತ್ತ ಹೂಂಗುಟ್ಟುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಇವರು ಹೋಗಿ ಕೂರುತ್ತಿದ್ದದ್ದು ಶೆಟ್ಟಿಕೊಪ್ಪದಲ್ಲಿ ಇಬ್ರಾಹಿಂ ಸಾಹೇಬರ ಅಂಗಡಿಯಲ್ಲಿ. ಪೈಪು, ವಾಲ್ವು, ಬೇರಿಂಗು ಮಾರುವ ಅಂಗಡಿ. ಇಬ್ಬರೂ ಅಲ್ಲಿ ಪೈಪಿನ ಸುರುಳಿಗಳ ನಡುವೆ ಕುರ್ಚಿ ಹಾಕಿಕೊಂಡು, ಪಕ್ಕದ ಹೋಟೆಲಿನ ಟೀ ಕುಡಿಯುತ್ತ, ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಒಮ್ಮೆ ಕೇಳಿದ್ದಕ್ಕೆ, “ಮಾತೆಲ್ಲಿ ಮಾರಾಯ್ತಿ, ಸುಮ್ನೆ ಕೂತಿರ್ತೀವಿ” ಎಂದಿದ್ದರು. ಸುಮ್ಮನೆ ಕೂರುವುದಕ್ಕೂ ಅಷ್ಟು ದೂರ ಹೋಗಬೇಕೇ ಎಂದು ನಾನು ಗೊಣಗಿದ್ದೆ.

ಆಮೇಲೆ ಇವರ ಕಣ್ಣಿಗೆ ಬಂತು. ಸಕ್ಕರೆ ಕಾಯಿಲೆ ಒಳಗೊಳಗೇ ಕಣ್ಣನ್ನು ತಿಂದಿತ್ತು. ಒಂದು ಕಣ್ಣು ಹೋಗೇಬಿಟ್ಟಿತು, ಇನ್ನೊಂದರಲ್ಲಿ ಬೆಳಕು ಮತ್ತು ನೆರಳು ಅಷ್ಟೇ ಉಳಿಯಿತು. ಶಿವಮೊಗ್ಗದ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದರು. ಮಡಚಿ ಚೀಲದಲ್ಲಿಡಬಹುದಾದ ಒಂದು ಬಿಳಿ ಕೋಲನ್ನೂ ಕೊಡಿಸಿ, ಅದನ್ನು ಹಿಡಿದು ನಡೆಯುವುದು ಹೇಗೆಂದು ತೋರಿಸಿ ಕಳಿಸಿದರು. ಮನೆಗೆ ಬಂದವರೇ ಇವರು ಕೋಲನ್ನು ಕಪಾಟಿನ ಹಿಂದೆ ತುರುಕಿದರು. ಬೈಕು ಮಾರಿದ ದಿನ ಅದರ ಸೀಟಿನ ಮೇಲೆ ಕೈಯಾಡಿಸಿ ಒಳಗೆ ಹೋದವರು ಗೇಟು ದಾಟುವುದನ್ನೇ ಬಿಟ್ಟರು.

ಬಸ್ಸಿನಲ್ಲಿ ಹೋಗೋಣ, ನಾನು ಕೈ ಹಿಡಿದುಕೊಳ್ಳುತ್ತೇನೆ ಎಂದರೆ ಕೇಳಬೇಕಲ್ಲ. “ನನ್ನ ಕೈ ಹಿಡ್ಕಂಡು ಬಸ್ ಹತ್ತಿಸ್ತೀಯಾ? ಊರೆಲ್ಲ ನೋಡ್ಲಿ ಅಂತನಾ?” ಎಂದರು. ಇಬ್ರಾಹಿಂ ಸಾಹೇಬರು ಫೋನು ಮಾಡಿದಾಗಲೆಲ್ಲ “ಬರ್ತೀನಿ, ಬರ್ತೀನಿ” ಎಂದು ಇಟ್ಟುಬಿಡುತ್ತಿದ್ದರು. ಒಂದು ದಿನ ಅವರೇ ಹಲಸಿನ ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಇವರು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಬಂದ ಹಾಗೆ ಮಲಗಿಬಿಟ್ಟರು. ಸಾಹೇಬರು ಹಣ್ಣನ್ನು ಬಾಗಿಲ ಬದಿಗಿಟ್ಟು, “ಮಲಗ್ಲಿ ಬಿಡಿ ಅಕ್ಕ, ಎಬ್ಬಿಸ್ಬೇಡಿ” ಎಂದು ಮೆಲ್ಲಗೆ ಹೇಳಿ ಹೊರಟರು. ಇವರಿಗೆ ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೀಗೇ ಬಿಟ್ಟರೆ ಕಣ್ಣಿನ ಜೊತೆ ಮನುಷ್ಯನೂ ಹೋಗುತ್ತಾನೆ ಎಂದು ನನಗೆ ಅವತ್ತು ಭಯ ಹುಟ್ಟಿತು.

ಶೆಡ್ಡಿನಲ್ಲಿ ಮಗಳ ಸ್ಕೂಟರು ಧೂಳು ತಿನ್ನುತ್ತಿತ್ತು. ಅವಳು ಮದುವೆಯಾಗಿ ಶಿರಸಿಗೆ ಹೋಗುವಾಗ ಬಿಟ್ಟುಹೋದದ್ದು. ಅದನ್ನು ನಾನೇ ಕಲಿತು, ಇವರನ್ನು ಹಿಂದೆ ಕೂರಿಸಿಕೊಂಡು ಶೆಟ್ಟಿಕೊಪ್ಪಕ್ಕೆ ಕರೆದುಕೊಂಡು ಹೋದರೆ ಹೇಗೆ? ಈ ಯೋಚನೆ ಬಂದ ಕೂಡಲೇ ನನಗೇ ನಗು ಬಂತು. ಏಕೆಂದರೆ ನಾನು ಎಂಥ ಪುಕ್ಕಲಿ ಎನ್ನುವುದು ನಿಮಗೆ ಗೊತ್ತಿಲ್ಲ. ನನ್ನ ತವರು ನೆಮ್ಮಾರಿನ ಹತ್ತಿರ. ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಮರದ ಕಾಂಡ ಹಾಕಿದ ಸಂಕವೊಂದಿತ್ತು. ಉಳಿದ ಮಕ್ಕಳು ಅದರ ಮೇಲೆ ಕುಣಿಯುತ್ತ ದಾಟಿದರೆ ನಾನು ಕುದುರೆ ಏರಿದವಳಂತೆ ಎರಡೂ ಕಡೆ ಕಾಲು ಇಳಿಬಿಟ್ಟು, ಕುಂಡೆಯ ಮೇಲೆ ಜಾರುತ್ತ ದಾಟುತ್ತಿದ್ದೆ. ನನ್ನ ಲಂಗದ ಹಿಂಭಾಗ ವರ್ಷವಿಡೀ ಪಾಚಿ ಬಣ್ಣದ್ದಾಗಿರುತ್ತಿತ್ತು.

ನನ್ನ ಅಮ್ಮನಿಗೆ ಬೈಯುವ ಅಭ್ಯಾಸವಿರಲಿಲ್ಲ, ಹೊಗಳುವ ಅಭ್ಯಾಸವಂತೂ ಮೊದಲೇ ಇರಲಿಲ್ಲ. ನೀರು ತರಲು ಕಲಿಸಿದ ರೀತಿ ನೆನಪಾಗುತ್ತದೆ. ಗುಡ್ಡದ ಒರತೆಯಿಂದ ಕುಡಿಯುವ ನೀರು ತರಬೇಕಿತ್ತು. ಮೊದಲು ನನ್ನ ಕೈಗೆ ಒಂದು ಪುಟ್ಟ ಗಿಂಡಿ ಕೊಟ್ಟಳು. ಅದು ಆಟದಂತೆ ಆಗುವವರೆಗೆ ಕಾದು, ಚೆಂಬು ಕೊಟ್ಟಳು. ಆಮೇಲೆ ಸಣ್ಣ ಬಿಂದಿಗೆ. ನಾನು ಹಮ್ಮಿನಿಂದ, ದೊಡ್ಡ ಕೊಡ ಕೊಡು ಎಂದು ಹಟ ಹಿಡಿದರೆ, “ಇವತ್ತಿಗೆ ಇದೇ ಸಾಕು ಕೂಸೇ, ನಾಳೆ ಇನ್ನೊಂಚೂರು” ಎನ್ನುತ್ತಿದ್ದಳು. ದೊಡ್ಡ ತಾಮ್ರದ ಕೊಡ ಯಾವಾಗ ಸೊಂಟಕ್ಕೆ ಬಂತೆಂದು ನನಗೆ ನೆನಪೇ ಇಲ್ಲ. ಸಂಕದ ವಿಷಯದಲ್ಲಿ ಮಾತ್ರ ಅಮ್ಮನ ಆಟ ನಡೆಯಲಿಲ್ಲ, ಆ ಹಳ್ಳಕ್ಕೆ ಸಿಮೆಂಟಿನ ಸೇತುವೆ ಬರುವವರೆಗೂ ನಾನು ಜಾರಿಯೇ ದಾಟಿದೆ.

ಕಲಿಸಲು ಒಪ್ಪಿದವಳು ಎದುರುಮನೆಯ ನಸೀಮಾ. ಬಸ್‌ಸ್ಟ್ಯಾಂಡಿನ ಹತ್ತಿರ ಬಳೆ, ರಿಬ್ಬನ್ನು ಮಾರುವ ಫ್ಯಾನ್ಸಿ ಸ್ಟೋರ್ ನಡೆಸುತ್ತಾಳೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಗದರಿಸುವುದರಲ್ಲಿ ನನ್ನ ಅತ್ತೆಗಿಂತ ದೊಡ್ಡವಳು. ಅಂಗಡಿ ತೆರೆಯುವ ಮೊದಲು ದಿನಾ ಬೆಳಿಗ್ಗೆ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಹೋಗುವಾಗ ಬರುವಾಗ ಅವಳೇ ಓಡಿಸುತ್ತಿದ್ದಳು, ಅಭ್ಯಾಸ ಮೈದಾನದೊಳಗೆ ಮಾತ್ರ. ಮೊದಲ ದಿನ ಸ್ಕೂಟರಿನ ಮೇಲೆ ಕೂತು ಎರಡೂ ಕಾಲು ಊರಿ ನಿಂತದ್ದಷ್ಟೇ. ನನಗೆ ಅಷ್ಟಕ್ಕೇ ಹುಮ್ಮಸ್ಸು ಬಂದು ಸ್ಟಾರ್ಟ್ ಮಾಡಲು ಹೋದರೆ, ಅವಳು ಕೀಲಿ ಕಿತ್ತುಕೊಂಡಳು. “ಇವತ್ತು ಸಾಕು ಅಕ್ಕ. ಸ್ವಲ್ಪ ಆಸೆ ಉಳ್ಕಳ್ಲಿ, ನಾಳೆ ಬರೂಕೆ ಬೇಕಲ್ಲ.” ನನಗೆ ತಟ್ಟನೆ ಅಮ್ಮನ ನೆನಪಾಯಿತು. ಹೆಲ್ಮೆಟ್ ತೆಗೆಯದೆಯೇ ಹಿಂದಿನ ಸೀಟಿಗೆ ಸರಿದೆ.

ಹೀಗೆ ದಿನಕ್ಕೆ ಒಂಚೂರು. ಕಾಲು ಊರಿಕೊಂಡೇ ತಳ್ಳಿದೆ, ಕಾಲೆತ್ತಿದೆ, ಗೋಲ್‌ಪೋಸ್ಟಿನವರೆಗೆ ಹೋದೆ. ಕಡೆಗೆ ಮೈದಾನವನ್ನೇ ಸುತ್ತು ಹಾಕತೊಡಗಿದೆ. ನಸೀಮಾ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಅಂಗಡಿಯ ಮಾಲಿನ ವಿಚಾರ ಮಾತಾಡುತ್ತಿದ್ದಳು. ನಾನು ಸುತ್ತುತ್ತಲೇ ಇದ್ದೆ. ಎಷ್ಟೋ ದಿನ ಕಳೆದ ಮೇಲೆ ಅವಳು ಫೋನು ಕೆಳಗಿಟ್ಟು ಕೇಳಿದಳು.

“ಎಂತ ಅಕ್ಕ, ನೀವು ಯಾವಾಗ್ಲೂ ಬಲಕ್ಕೇ ಸುತ್ತೂದು ಎಂತಕ್ಕೆ?”

“ಮತ್ತೆ ಹೇಗೆ ಸುತ್ತೋದು?” ಎಂದೆ ನಾನು.

ನೀವು ನಗಬೇಡಿ. ಹುಟ್ಟಿದಾಗಿನಿಂದ ನಾನು ಸುತ್ತು ಹಾಕಿದ್ದೆಲ್ಲ ಪ್ರದಕ್ಷಿಣೆಯೇ. ತುಳಸಿಕಟ್ಟೆ ಸುತ್ತಿದ್ದು, ಅಶ್ವತ್ಥಕಟ್ಟೆ ಸುತ್ತಿದ್ದು, ದೇವಸ್ಥಾನ ಸುತ್ತಿದ್ದು ಎಲ್ಲ ಹಾಗೇ. ಒಂದು ವಸ್ತುವನ್ನು ಎಡಕ್ಕೆ ಸುತ್ತಬಹುದು ಎನ್ನುವ ಯೋಚನೆಯೇ ನನಗೆ ಬಂದಿರಲಿಲ್ಲ. ಫುಟ್‌ಬಾಲ್ ಮೈದಾನಕ್ಕೂ ನಾನು ಭಕ್ತಿಯಿಂದ ಪ್ರದಕ್ಷಿಣೆ ಹಾಕಿ ಹಾಕಿ, ಬಲಕ್ಕೆ ತಿರುಗುವುದರಲ್ಲಿ ಪಂಡಿತಳಾಗಿದ್ದೆ. ಎಡಕ್ಕೆ ಹ್ಯಾಂಡಲ್ ತಿರುಗಿಸಿದರೆ ಮಾತ್ರ ಭೂಮಿಯೇ ವಾಲಿದ ಹಾಗಾಗಿ, ಅದೇ ಹಳೆಯ ಸಂಕದ ಮೇಲೆ ಕೂತ ಹಾಗೆ ಕಾಲು ಎರಡೂ ಕಡೆಗೆ ಇಳಿದುಬಿಡುತ್ತಿದ್ದವು. ನಸೀಮಾ ಹಣೆ ಹಣೆ ಚಚ್ಚಿಕೊಂಡಳು. ನಮ್ಮ ದೇಶದ ರಸ್ತೆಯಲ್ಲಿ ಬಲಕ್ಕೆ ತಿರುಗುವುದೇ ಕಷ್ಟದ್ದಂತೆ, ಎಡಕ್ಕೆ ತಿರುಗುವುದು ಮಕ್ಕಳಿಗೂ ಬರುತ್ತದಂತೆ. ನನಗೆ ಕಷ್ಟದ್ದು ಬಂದು ಸುಲಭದ್ದು ಬಾರದೆ ಹೋಯಿತು.

ಅಷ್ಟರಲ್ಲಿ ನಸೀಮಾ ಮೈದಾನದಿಂದ ನೇರ ಅಂಗಡಿಗೆ ಹೋಗತೊಡಗಿದ್ದರಿಂದ ವಾಪಸು ನಾನೇ ಓಡಿಸಬೇಕಾಯಿತು, ಅದಕ್ಕೂ ಒಂದು ಉಪಾಯ ಕಂಡುಕೊಂಡೆ. ನಮ್ಮ ಗೇಟಿನಿಂದ ಬಲಕ್ಕೆ ಹೋದರೆ ಮೈದಾನ. ವಾಪಸು ಅದೇ ದಾರಿಯಲ್ಲಿ ಬಂದರೆ ಗೇಟಿಗೆ ಎಡಕ್ಕೆ ತಿರುಗಬೇಕು, ಅದು ನನ್ನಿಂದಾಗದು. ಅದರ ಬದಲು ಮೈದಾನದ ಆಚೆಯಿಂದ ಹಿಂದಿನ ಬೀದಿ ಹಿಡಿದು, ಹಿಟ್ಟಿನ ಗಿರಣಿಯ ಹತ್ತಿರ ಬಲಕ್ಕೆ, ಮುಂದೆ ನಮ್ಮ ಬೀದಿಗೆ ಮತ್ತೆ ಬಲಕ್ಕೆ ತಿರುಗಿದರೆ, ಗೇಟೂ ಬಲಕ್ಕೇ ಸಿಗುತ್ತದೆ. ಗಿರಣಿಯವರು ಒಮ್ಮೆ, “ಅಮ್ಮಂಗೆ ಹರಕೆ ಎಂತಾರೂ ಇದೆಯಾ, ದಿನಾ ಬೀದಿ ಸುತ್ತು ಹಾಕ್ತೀರಿ” ಎಂದು ಕೇಳಿದರು. ಇದೆ ಎಂದೆ. ಸುಳ್ಳೇನೂ ಅಲ್ಲವಲ್ಲ.

ಹಾಗೆ ನಾನೊಬ್ಬಳೇ ಸ್ಕೂಟರು ಓಡಿಸಿಕೊಂಡು ಮನೆಗೆ ಬಂದ ಮೊದಲ ದಿನ ನಡೆದದ್ದನ್ನು ಹೇಳಬೇಕು. ಗಿರಣಿ ದಾಟಿ ನಮ್ಮ ಬೀದಿಗೆ ತಿರುಗಿದೆ. ದೂರದಲ್ಲಿ ಮೋರಿಯ ಹತ್ತಿರ ಒಬ್ಬರು ಕಾಂಪೌಂಡ್ ಗೋಡೆಯ ಬದಿ ಹಿಡಿದು ನನ್ನ ಎದುರಿಗೆ ನಡೆದು ಬರುತ್ತಿದ್ದರು. ಕೈಯಲ್ಲಿ ಬಿಳಿ ಕೋಲು. ನೆಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿ, ನಿಂತು, ಮತ್ತೆ ಒಂದು ಹೆಜ್ಜೆ ಇಡುತ್ತಿದ್ದರು. ನಮ್ಮವರು.

ನಾನು ಬ್ರೇಕ್ ಹಿಡಿದು ಇಂಜಿನ್ ಆಫ್ ಮಾಡಿದೆ. ನನಗೆ ಎಲ್ಲ ಅರ್ಥವಾಯಿತು. ನಾವು ಮೈದಾನದ ಕಡೆ ಹೋದ ಮೇಲೆ ಇವರು ಕಪಾಟಿನ ಹಿಂದಿನ ಕೋಲು ತೆಗೆದುಕೊಂಡು, ನಮಗೆ ಕಾಣದ ಹಾಗೆ ಎಡಗಡೆಯ ದಾರಿಯಲ್ಲಿ ನಡೆಯಲು ಕಲಿಯುತ್ತಿದ್ದರು. ನಾನು ಎಡಗಡೆಯಿಂದ ಬಂದೇನೆಂದು ಅವರು ಹೇಗೆ ತಾನೇ ಊಹಿಸಿಯಾರು? ಇವರು ಅಲ್ಲೇ ನಿಂತು ಕತ್ತು ಓರೆ ಮಾಡಿ ಆಲಿಸಿದರು. ಆಮೇಲೆ ಮೆಲ್ಲಗೆ ತಿರುಗಿ, ಕೋಲು ತಟ್ಟುತ್ತ ಮನೆಯ ಕಡೆ ಹೋದರು. ಅವರು ಗೇಟಿನೊಳಗೆ ಸೇರುವವರೆಗೆ ನಾನು ಆ ತಿರುವಿನಲ್ಲಿ ಸ್ಕೂಟರಿನ ಮೇಲೆ ಕೂತು ಅತ್ತೆ. ಮೂರು ತಾಲ್ಲೂಕು ತಿರುಗಿದ ಮನುಷ್ಯ ಮೋರಿಯವರೆಗೆ ಹೋಗಲು ಕದ್ದು ಕದ್ದು ಕಲಿಯುತ್ತಿದ್ದುದು ನೋಡಿ ಸಂಕಟವಾಯಿತು. ಕಲಿಯುತ್ತಿದ್ದಾರಲ್ಲ ಎಂದು ಖುಷಿಯೂ ಆಯಿತು.

ಮನೆಗೆ ಬಂದರೆ ಇವರು ಜಗಲಿಯ ಕುರ್ಚಿಯಲ್ಲಿ ಏನೂ ಆಗದವರಂತೆ ಕೂತಿದ್ದರು. ಉಸಿರು ಮಾತ್ರ ಜೋರಿತ್ತು. “ಬಂದ್ಯಾ? ಬ್ರೇಕು, ಆಕ್ಸಿಲರೇಟರು ಎರಡೂ ಒಟ್ಟಿಗೆ ಹಿಡೀಬೇಡ, ಇಂಜಿನ್ ಶಬ್ದ ಕೇಳಕ್ಕಾಗಲ್ಲ” ಎಂದರು. ನಾನು ಹೂಂ ಎಂದೆ. ಕಂಡದ್ದನ್ನು ಹೇಳಲಿಲ್ಲ.

ಮರುದಿನದಿಂದ ನಾನು ಮೈದಾನದಲ್ಲಿ ಬೇಕೆಂದೇ ಹೊತ್ತು ಮಾಡತೊಡಗಿದೆ. ನಸೀಮಾ ಸಾಕು ಎಂದರೂ ಇನ್ನೊಂದು ಸುತ್ತು ಎನ್ನುತ್ತಿದ್ದೆ. ಇವರಿಗೂ ಇನ್ನೊಂಚೂರು ಮುಂದೆ ಹೋಗಲು ಸಮಯ ಬೇಕಲ್ಲ. ಬರುವಾಗ ಗಿರಣಿಗೂ ಮೊದಲೇ ಜೋರಾಗಿ ಹಾರ್ನ್ ಹೊಡೆಯುತ್ತಿದ್ದೆ. ಹಾರ್ನ್ ಕೇಳಿ ಇವರು ಹಿಂತಿರುಗಿ, ಕೋಲು ಮಡಚಿ, ಕುರ್ಚಿಯಲ್ಲಿ ಕೂರಬೇಕು. ಅಷ್ಟು ಹೊತ್ತು ಗಿರಣಿಯ ಮುಂದೆ ನಿಂತು ಹಿಟ್ಟಿನ ವಾಸನೆ ಕುಡಿಯುತ್ತಿದ್ದೆ. ದಿನ ಹೋದಂತೆ ಕಾಯುವ ಹೊತ್ತು ಹೆಚ್ಚುತ್ತ ಹೋಯಿತು. ಇವರು ಮೋರಿ ದಾಟಿದ್ದಾರೆ ಎಂದು ನಾನು ಅದರಿಂದಲೇ ತಿಳಿದುಕೊಂಡೆ.

ಆದರೆ ನಮ್ಮ ಸ್ಕೂಟರಿನ ಹಿಂದೆ ಕೂರುವ ಮಾತು ತೆಗೆದರೆ ಇವರ ಮುಖ ಗಂಟಾಗುತ್ತಿತ್ತು. “ಬಿಡು, ಮತ್ತೊಂದು ದಿನ ನೋಡುವ” ಎನ್ನುತ್ತಿದ್ದರು. ಇಬ್ರಾಹಿಂ ಸಾಹೇಬರ ಫೋನು ಬರುವುದೂ ಕಮ್ಮಿಯಾಗಿತ್ತು. ಅದು ಪೂರ್ತಿ ನಿಂತೇಹೋದರೆ ಎನ್ನುವ ದಿಗಿಲು ನನಗೆ.

ಅಷ್ಟರಲ್ಲಿ ಲೈಸೆನ್ಸಿನ ಕ್ಯಾಂಪು ಬಂತು. ನೆಲದ ಮೇಲೆ ಸುಣ್ಣದಲ್ಲಿ ಎಂಟರ ಅಂಕಿ ಬರೆದಿದ್ದರು. ಅದರ ಮೇಲೆ ಕಾಲೂರದೆ ಸ್ಕೂಟರು ಓಡಿಸಬೇಕು. ಎಂಟು ಎಂದರೆ ಗೊತ್ತಲ್ಲ, ಅರ್ಧ ಬಲಕ್ಕೆ, ಅರ್ಧ ಎಡಕ್ಕೆ. ನಾನು ದೇವರನ್ನು ನೆನೆದು ಹೊರಟೆ. ಬಲಗಡೆಯ ಸುತ್ತು ಬೆಣ್ಣೆಯಂತೆ ಬಂತು. ನಡುವೆ ಎಡಕ್ಕೆ ಹೊರಳಬೇಕಾದಲ್ಲಿ ನನ್ನ ಕೈ ಒಪ್ಪಲಿಲ್ಲ, ಮತ್ತೆ ಬಲಕ್ಕೇ ತಿರುಗಿತು. ಮತ್ತೊಮ್ಮೆ ಪ್ರಯತ್ನಿಸಿದೆ, ಮತ್ತೆ ಬಲಕ್ಕೆ. ಅಧಿಕಾರಿ ಸಮಾಧಾನದಿಂದಲೇ ಹೇಳಿದರು: “ಅಮ್ಮಾ, ನಾನು ಎಂಟು ಹಾಕಿ ಅಂದೆ. ನೀವು ಸೊನ್ನೆ ಹಾಕ್ತಾ ಇದ್ದೀರಿ. ಹೋಗಿ, ಇನ್ನೊಂದ್ಸಲ ಬನ್ನಿ.”

ಮನೆಗೆ ಬಂದು ಹೆಲ್ಮೆಟನ್ನು ಜಗಲಿಗೆ ಎಸೆದೆ. ಅವಮಾನ, ಸಿಟ್ಟು ಎಲ್ಲ ಸೇರಿ ಇವರ ಮುಂದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಪ್ರದಕ್ಷಿಣೆಯ ಕಥೆ, ಗಿರಣಿಯ ದಾರಿ, ಸೊನ್ನೆ, ಎಲ್ಲ. ಇವರು ಮೊದಲು ಕೆಮ್ಮಿದ ಹಾಗೆ ಮಾಡಿದರು. ಆಮೇಲೆ ನೋಡಿದರೆ ಅದು ಕೆಮ್ಮಲ್ಲ, ನಗು. ಕುರ್ಚಿಯ ಕೈ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಹೋದ ಮೇಲೆ ಇವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಸಿಟ್ಟು ಮರೆತು ನಾನೂ ನಕ್ಕೆ.

ನಗು ನಿಂತ ಮೇಲೆ ಇವರು ಕುರ್ಚಿಯ ಅಡಿಗೆ ಕೈ ಹಾಕಿ ಬಿಳಿ ಕೋಲನ್ನು ಹೊರಗೆಳೆದರು. ನನ್ನ ಎದುರಿಗೇ ಟಕ್ ಟಕ್ ಎಂದು ಬಿಡಿಸಿದರು.

“ನಡಿ. ನಾನು ಹಿಂದೆ ಕೂತ್ಕಳ್ತೀನಿ. ಎಡಕ್ಕೆ ಹೆಂಗೆ ಅಂತ ಹೇಳ್ತೀನಿ.”

ನಾನು ಕೋಲನ್ನೇ ನೋಡುತ್ತ ನಿಂತೆ.

“ಎಂತ ನೋಡ್ತೀಯ ಮಾರಾಯ್ತಿ? ಆವತ್ತು ತಿರುವಲ್ಲಿ ಇಂಜಿನ್ ಆಫ್ ಮಾಡಿ ನಿಂತಿದ್ದು ನೀನು ಅಂತ ಗೊತ್ತಿಲ್ವನಾ ನಂಗೆ? ಗಿರಣಿ ಹತ್ರ ದಿನಾ ಹಾರ್ನ್ ಹೊಡಿಯೂದು ಎಂತಕ್ಕೆ ಅಂತನೂ ಗೊತ್ತು.”

“ಗೊತ್ತಿದ್ದೂ ಸುಮ್ನಿದ್ರಾ?”

“ನೀನೂ ಸುಮ್ನಿದ್ಯಲ.”

ಗೇಟಿನ ಹೊರಗೆ ಇವರು ತಡಕಾಡಿ ಹಿಂದಿನ ಸೀಟಿನ ಮೇಲೆ ಕೂತರು. ಕೋಲು ಇಬ್ಬರ ನಡುವೆ. ಇಷ್ಟು ವರ್ಷ ನಾನು ಹಿಂದೆ ಕೂತು ಇವರ ಬೆನ್ನು ನೋಡಿದವಳು, ಈಗ ನನ್ನ ಬೆನ್ನ ಹಿಂದೆ ಇವರ ಉಸಿರು. ಎಡಗೈಯನ್ನು ನನ್ನ ಎಡ ಭುಜದ ಮೇಲಿಟ್ಟರು.

“ತಿರುವನ್ನ ನೋಡ್ಬೇಡ. ತಿರುಗಿ ಆದ್ಮೇಲೆ ಹೋಗೂ ರಸ್ತೆ ಇದೆಯಲ, ಅದನ್ನ ನೋಡು. ಗಾಡಿ ತಾನಾಗೇ ಹೋಗ್ತದೆ. ನಾನೂ ಜೊತೆಗೆ ವಾಲ್ತೀನಿ.”

ಭುಜ ಮೆಲ್ಲಗೆ ಒತ್ತಿದರು. ನಾನು ಮೋರಿಯ ಕಡೆ ದೃಷ್ಟಿ ನೆಟ್ಟು ಆಕ್ಸಿಲರೇಟರ್ ತಿರುಗಿಸಿದೆ. ಸ್ಕೂಟರು ಎಡಕ್ಕೆ ಹೊರಳಿತು. ಭೂಮಿ ವಾಲಲಿಲ್ಲ. ಮೋರಿಯ ಹತ್ತಿರ ನಿಲ್ಲಿಸಿದಾಗ ನಾನು ಇನ್ನೂ ಮುಂದೆ ಹೋಗೋಣವೇ ಎಂದೆ. “ಇವತ್ತು ಸಾಕು” ಎಂದರು ಇವರು. ಈ ಮಾತನ್ನು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಗಿರಣಿಯವರೆಗೆ, ಇನ್ನೊಂದು ದಿನ ಪೆಟ್ರೋಲ್ ಬಂಕಿನವರೆಗೆ. ಹೀಗೆ ಒಂದೊಂದೇ ಗುರುತು ದಾಟಿ, ಒಂದು ದಿನ ಮಧ್ಯಾಹ್ನ ಊಟವಾದ ಮೇಲೆ ಇವರು ಇಸ್ತ್ರಿ ಮಾಡಿದ ಅಂಗಿ ಕೇಳಿದರು. ನಾನು ಎಲ್ಲಿಗೆ ಎಂದು ಕೇಳಲಿಲ್ಲ. ದಾರಿಯುದ್ದಕ್ಕೂ ಇವರು ಹಿಂದಿನಿಂದ ಹೇಳುತ್ತಲೇ ಬಂದರು. ಈಗ ಇಳಿಜಾರು ಬರ್ತದೆ, ಈಗ ಎಡಕ್ಕೆ ದೊಡ್ಡ ತಿರುವು, ಇಲ್ಲಿ ಜಲ್ಲಿ ಇರಬಹುದು ನಿಧಾನ. ಆಗ ಊಟದ ಹೊತ್ತಿಗೆ ಅರ್ಧ ಕಿವಿಯಲ್ಲಿ ಕೇಳಿದ ವರದಿಯನ್ನೆಲ್ಲ ಈಗ ಎರಡೂ ಕಿವಿ ತೆರೆದು ಕೇಳಿದೆ.

ಶೆಟ್ಟಿಕೊಪ್ಪದಲ್ಲಿ ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು, ಎಲ್ಲ ಇವರ ಗುರುತಿನವರೇ. ಸ್ಕೂಟರು ನಿಂತ ಮೇಲೂ ಇವರು ಇಳಿಯಲಿಲ್ಲ. ವಾಪಸು ಹೋಗೋಣ ಎಂದುಬಿಡುತ್ತಾರೇನೋ ಎಂದು ನಾನು ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಆಮೇಲೆ ಇಳಿದರು. ಎಲ್ಲರೆದುರು ಕೋಲು ಬಿಡಿಸಿದರು. ಮಾತಾಡುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಒಳಗಿನಿಂದ ಇಬ್ರಾಹಿಂ ಸಾಹೇಬರು ಬಂದರು. ಓಡಿ ಬಂದು ಕೈ ಹಿಡಿಯಲಿಲ್ಲ, ಅಯ್ಯೋ ಎನ್ನಲಿಲ್ಲ. ದಾರಿಗೆ ಅಡ್ಡ ಬಿದ್ದಿದ್ದ ಪೈಪಿನ ಸುರುಳಿಯೊಂದನ್ನು ಕಾಲಿನಿಂದ ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ, ಬಾಗಿಲಲ್ಲಿ ನಿಂತರು.

“ಎಂತ ಮಾರಾಯ, ಇಷ್ಟು ಹೊತ್ತು ಮಾಡೂದಾ ಬರೂಕೆ? ಟೀ ಆರಿ ಹೋಯ್ತು.”

ಇವರು ಧ್ವನಿಯ ದಿಕ್ಕಿಗೆ ನಡೆದು ಹೋದರು. ಇಬ್ಬರೂ ಹಳೆಯ ಕುರ್ಚಿಗಳಲ್ಲಿ ಕೂತರು. ನಾನು ಹೊರಗೆ ಸ್ಕೂಟರು ಒರೆಸುವ ನೆಪದಲ್ಲಿ ಕಿವಿಗೊಟ್ಟೆ. ಇವರು ಮೊದಲೇ ಹೇಳಿದ್ದು ನಿಜ. ಇಬ್ಬರೂ ಏನೂ ಮಾತಾಡಲಿಲ್ಲ, ಸುಮ್ಮನೆ ಕೂತಿದ್ದರು. ನನ್ನ ಕಣ್ಣು ತುಂಬಿ ಎದುರಿನ ಪೈಪುಗಳೆಲ್ಲ ಮಸುಕಾದವು.

ಮುಂದಿನ ಕ್ಯಾಂಪಿನಲ್ಲಿ ನಾನು ಎಂಟನ್ನು ಎಂಟರ ಹಾಗೇ ಹಾಕಿದೆ. ಲೈಸೆನ್ಸು ಬಂದ ದಿನ ನಸೀಮಾ ಸಂಭ್ರಮದಿಂದ ಓಡಿ ಬಂದು, ಮುಂದಿನ ‘ಎಲ್’ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕಿತ್ತಳು. ಹಿಂದಿನದಕ್ಕೂ ಕೈ ಹಾಕಿದ್ದಳು. ಕೋಲು ಹಿಡಿದು ಮೆಟ್ಟಿಲಿಳಿಯುತ್ತಿದ್ದ ನಮ್ಮವರು ಕೆರೆಯುವ ಸದ್ದು ಕೇಳಿ ನಿಂತರು.

“ಅದನ್ನ ಬಿಡಮ್ಮ ನಸೀಮಾ. ಮುಂದಿಂದು ನಿಮ್ಮಕ್ಕಂದು, ತೆಗಿ. ಹಿಂದಿಂದು ನಂದು. ನಂದಿನ್ನೂ ಕಲ್ತಾಗಿಲ್ಲ.”

ಈಗಲೂ ದಿನಾ ಬೆಳಿಗ್ಗೆ ಕೋಲು ತಟ್ಟುತ್ತ ಹೋಗುತ್ತಾರೆ. ಗಿರಣಿ ದಾಟಿ ಎಷ್ಟೋ ಕಾಲವಾಯಿತು. ನಾನು ಹಾರ್ನ್ ಹೊಡೆಯುವುದಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನ ಎದುರು ಆ ಪೊಲೀಸರಿಗೆ ನಾನು ಹೇಳಿದ್ದು ಇಷ್ಟೆ: “ಅದು ನಂದಲ್ಲ ಸಾರ್, ಹಿಂದೆ ಕೂತವರದ್ದು. ಅವರನ್ನೇ ಕೇಳಿ.”